ಕಡಿಯುವದೋ, ಅಗೆಯುವದೋ? — ಅಡಿಕೆಯ ಬೇರುಹುಳದ ವಿಷಯವಾಗಿ ಒಂದು ವಿಚಾರ

ಬಾಡಿದ ಮರವನ್ನು ಕಡಿಯುವದಕ್ಕೆ ಯಾರಿಗೆ ಅಧಿಕಾರವುಂಟು? ಭೂಮಿ ಯಾರದೋ ಅವನಿಗೆ ಉಂಟೆಂದು ಎಲ್ಲರೂ ಹೇಳುವರು. ಸಸಿಯನ್ನು ನೆಟ್ಟವನು ಅವನು, ನೀರು ಹೊಯ್ದವನು ಅವನು, ಕತ್ತಿಯೂ ಅವನದೇ, ಕೇಳುವವರಾರು? ಆದರೆ ಅಧಿಕಾರವಿದ್ದ ಮಾತ್ರಕ್ಕೆ ನ್ಯಾಯವೂ ಇದೆಯೆಂದು ತಿಳಿಯಕೂಡದು. ಮರವು ಯಾಕೆ ಬಾಡಿತೆಂದು ವಿಚಾರಿಸದೆ ಅದನ್ನು ಕಡಿದವನು, ತನ್ನ ಸ್ವಂತ ಮರವನ್ನೇ ಕಡಿದಿದ್ದರೂ, ಅನ್ಯಾಯ ಮಾಡಿದವನಾಗುವನೋ ಎಂಬದೇ ಇಲ್ಲಿ ನಾವು ಆಲೋಚಿಸತಕ್ಕ ಪ್ರಶ್ನೆ. ಇದು ತೋಟದ ಪ್ರಶ್ನೆಯಾಗಿ ಆರಂಭವಾಗುತ್ತದೆ. ಆದರೆ ತೋಟದ ಬೇಲಿಯೊಳಗೇ ನಿಲ್ಲುವದಿಲ್ಲವೆಂದು ವಾಚಕರು ಬೇಗನೆ ಕಾಣುವರು.

ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ನಮ್ಮ ಕರ್ತನು ಹೇಳಿದ ಅಂಜೂರದ ಮರದ ಸಾಮ್ಯವು ನಮ್ಮ ಸಭೆಗಳಲ್ಲಿ ಅನೇಕ ಸಾರಿ ಪ್ರಸಂಗಕ್ಕೆ ಬಂದಿದೆ. ಪ್ರಸಂಗಿಗಳು ಹೆಚ್ಚಾಗಿ ಫಲವಿಲ್ಲದ ಮರವನ್ನು ತೋರಿಸಿ ಕೇಳುವವರಲ್ಲಿ ಭಯವನ್ನು ಹುಟ್ಟಿಸುವರು. ತೋಟದ ಕೆಲಸವನ್ನು ಬಲ್ಲ ನಮ್ಮ ಹಳ್ಳಿಯವರಾದರೋ ಅದರಲ್ಲಿ ಬೇರೊಂದನ್ನು ಗಮನಿಸಬೇಕು. ಧಣಿಯು ಮೂರು ವರುಷ ಬಂದು ಹುಡುಕಿದ್ದು ಕೊಂಬೆಗಳಲ್ಲಿ. ತೋಟಗಾರನು ಮಾತಾಡಿದ್ದು ಬುಡದ ವಿಷಯವಾಗಿ. ಸುತ್ತಲೂ ಅಗೆದು ಗೊಬ್ಬರ ಹಾಕುವದಕ್ಕೆ ಅವನು ಒಂದು ವರುಷದ ವಾಯಿದೆಯನ್ನು ಕೇಳಿಕೊಳ್ಳುತ್ತಾನೆ. ಆ ಮರ ಅವನದಲ್ಲ; ಅದರ ಹಣ್ಣಿನಲ್ಲಿ ಅವನಿಗೆ ಪಾಲುಂಟೆಂದು ಬರೆದಿರುವದೂ ಇಲ್ಲ. ಆದರೂ ಅವನು ಬರೇ ಕನಿಕರವನ್ನು ಬೇಡದೆ ತನ್ನ ಬೆವರನ್ನೇ ಆ ಮರಕ್ಕೆ ಜಾಮೀನಾಗಿ ನಿಲ್ಲಿಸುತ್ತಾನೆ. ಬುಡವನ್ನು ಅಗೆದು ನೋಡದೆ ತೀರ್ಪು ಕೊಡಬಾರದೆಂಬದು ಅವನ ವಿಜ್ಞಾಪನೆಯ ತಿರುಳೆಂದು ನಾನು ಎಣಿಸುತ್ತೇನೆ.

ನಮ್ಮ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಅಂಜೂರದ ಸ್ಥಳದಲ್ಲಿ ಅಡಿಕೆಮರವು ನಿಂತಿದೆ. ಈ ಪತ್ರಿಕೆಯನ್ನು ಓದುವವರಲ್ಲಿ 1974ರ ಭೂಸುಧಾರಣೆಯ ಕಾನೂನಿನ ತರುವಾಯ ಗೇಣಿಯ ಭೂಮಿಗೆ ಒಡೆಯರಾದವರ ಮಕ್ಕಳೂ ಮೊಮ್ಮಕ್ಕಳೂ ಇದ್ದಾರೆ; ಇತರರ ತೋಟದಲ್ಲಿ ದಿನಗೂಲಿಗೆ ಅಗೆಯುವವರೂ ಇದ್ದಾರೆ. ಭತ್ತದ ಪೈರು ಈ ವರುಷ ಕೆಟ್ಟರೆ ಬರುವ ವರುಷ ಬಿತ್ತಬಹುದು. ಅಡಿಕೆ ಹಾಗಲ್ಲ. ನೆಟ್ಟ ಮೇಲೆ ಐದರಿಂದ ಏಳು ವರುಷ ಕಾಯಬೇಕು. ಫಲಕ್ಕೆ ಬಂದ ಮೇಲೆ ಚೆನ್ನಾಗಿ ನೋಡಿಕೊಂಡರೆ ತಂದೆ ನೆಟ್ಟದ್ದನ್ನು ಮಗನು ಮುಪ್ಪಿನ ತನಕ ಕೊಯ್ಯುವನು. ಅದಕ್ಕೆ ಒಂದೇ ಸುಳಿ. ಮಾವಿನ ಮರದಲ್ಲಿ ಒಂದು ಕೊಂಬೆ ಒಣಗಿದರೆ ಮತ್ತೊಂದು ಚಿಗುರುವಂತೆ ಚಿಗುರುವ ಉಪಾಯ ಅದಕ್ಕಿಲ್ಲ. ಆದಕಾರಣ ಎಂಭತ್ತು ನೂರು ಮರಗಳನ್ನು ಮಾತ್ರ ಉಳ್ಳ ಕುಟುಂಬದಲ್ಲಿ ಹತ್ತು ಮರಗಳನ್ನು ಕಡಿಯುವದು ಸಣ್ಣ ಮಾತಲ್ಲ. ಅದು ಮಗಳ ಮದುವೆಯ ಮಾತು, ಮಗನ ಓದಿನ ಮಾತು.

ಇಂಥ ಮರವು ಒಂದು ದಿನ ಹಳದಿಯಾಗತೊಡಗುತ್ತದೆ. ಮೊದಲು ಸೋಗೆಗಳ ಕಾಂತಿ ಕುಂದುವದು, ತಲೆಯು ಚಿಕ್ಕದಾಗುವದು, ಕಾಂಡವು ಮೇಲಕ್ಕೆ ಹೋದಂತೆ ಸಣ್ಣಗಾಗುವದು, ಎಳೆಗಾಯಿಗಳು ಉದುರುವವು, ಕಡೆಗೆ ಗಾಳಿಮಳೆಗೆ ಮರವು ವಾಲಿಕೊಂಡು, ಕೈಯಿಂದ ನೂಕಿದರೂ ಅಲುಗಾಡುವ ಸ್ಥಿತಿಗೆ ಬರುವದು. ಆಗ ಮನೆಯಲ್ಲಿ ಹಲವು ಮಾತುಗಳು ಹುಟ್ಟುತ್ತವೆ. ಬೀಜದ ಜಾತಿ ಕೆಟ್ಟದ್ದೆಂದು ಒಬ್ಬನು, ಮಣ್ಣಿನ ಸಾರ ಹೋಯಿತೆಂದು ಮತ್ತೊಬ್ಬನು. ದೃಷ್ಟಿ ತಾಕಿತೆಂದೂ ಆಚೆಮನೆಯವರು ಏನೋ ಮಾಡಿಸಿದರೆಂದೂ ಪಿಸುಗುಟ್ಟುವವರು ಕ್ರೈಸ್ತರಾದ ನಮ್ಮಲ್ಲಿಯೂ ಇಲ್ಲದಿಲ್ಲ. ಈ ವಿಷಯದಲ್ಲಿ ನಮ್ಮ ದೀಕ್ಷಾಸ್ನಾನದ ನೀರು ಇನ್ನೂ ಆಳಕ್ಕೆ ಇಳಿಯಬೇಕಾಗಿದೆ. ಇವರೆಲ್ಲರೂ ನೋಡುವದು ಮೇಲಕ್ಕೆ. ಹಾರೆಯನ್ನು ತಂದು ಬುಡವನ್ನು ಬಿಡಿಸಿ ನೋಡುವವನು ಅಪರೂಪ.

ಬಿಡಿಸಿ ನೋಡಿದವನಿಗೆ ಏನು ಕಾಣುತ್ತದೆ? ಬೇರುಗಳ ನಡುವೆ, ಬಿಳಿಯ ಮೈಯೂ ಕಂದುಬಣ್ಣದ ತಲೆಯೂ ಉಳ್ಳ, ಕುಡುಗೋಲಿನಂತೆ ಬಾಗಿ ಮಲಗಿರುವ ದಪ್ಪ ಹುಳಗಳು. ಇವನ್ನೇ ಬೇರುಹುಳವೆಂದೂ ಗೊಣ್ಣೆಹುಳವೆಂದೂ ಕರೆಯುತ್ತಾರೆ. ಇವು ಎರೆಹುಳಗಳಲ್ಲ, ಎರೆಹುಳವು ರೈತನ ಸ್ನೇಹಿತನು, ಅದನ್ನು ಕೊಲ್ಲಬಾರದು. ಇವು ಒಂದು ಬಗೆಯ ದುಂಬಿಯ ಮರಿಗಳು. ಮೇ ಜೂನ್ ತಿಂಗಳುಗಳಲ್ಲಿ ಮೊದಲ ಮಳೆಗಳು ಬಿದ್ದು ನೆಲ ತಂಪಾದಾಗ ಕಂದುಬಣ್ಣದ ದುಂಬಿಗಳು ಮುಚ್ಚಂಜೆಯ ವೇಳೆ ನೆಲದಿಂದ ಎದ್ದು ಸ್ವಲ್ಪ ಹೊತ್ತು ಹಾರಾಡಿ, ಜೊತೆಗೂಡಿ, ತಿರುಗಿ ಮಣ್ಣನ್ನು ಸೇರುತ್ತವೆ. ಮಣ್ಣಿನಲ್ಲಿಟ್ಟ ಮೊಟ್ಟೆಗಳಿಂದ ಹೊರಟ ಸಣ್ಣ ಮರಿಗಳು ಮೊದಲು ಕೊಳೆತ ಎಲೆಗಳನ್ನೂ ಹುಲ್ಲಿನ ಬೇರುಗಳನ್ನೂ ತಿಂದು ಬದುಕುವವು. ಬಲಿತ ಮೇಲೆ ಅಡಿಕೆಯ ಎಳೆಬೇರುಗಳಿಗೆ ಬಾಯಿಹಾಕುವವು. ಕೆಲವು ಜಾತಿಗಳ ಆಯುಸ್ಸಿನ ಸುತ್ತು ಒಂದು ವರುಷದಲ್ಲಿ ಮುಗಿಯುತ್ತದೆ, ಕೆಲವಕ್ಕೆ ಎರಡು ವರುಷ ಬೇಕು. ಆ ಕಾಲದ ಹೆಚ್ಚಿನ ಭಾಗವನ್ನು ಅವು ಮರಿಗಳಾಗಿ ಕತ್ತಲೆಯಲ್ಲಿಯೇ ಕಳೆಯುತ್ತವೆ. ಅವುಗಳನ್ನು ದುಂಬಿಯಾಗಿ ನೆಲದ ಮೇಲೆ ಕಾಣುವ ದಿನಗಳು ಬಹಳ ಕೊಂಚ.

ಕೊಳೆರೋಗಕ್ಕೂ ಇದಕ್ಕೂ ಇರುವ ಭೇದವನ್ನು ನೋಡಿರಿ. ಕೊಳೆರೋಗವು ಗೊನೆಗೆ ಬರುತ್ತದೆ; ಬಿದ್ದ ಕಾಯಿಗಳನ್ನು ಎಲ್ಲರೂ ಕಾಣುತ್ತಾರೆ. ಕೆನಡಾ ದೇಶದವರಾದ ಲೆಸ್ಲಿ ಕೋಲ್ಮನ್ ಎಂಬವರು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು, ಆ ರೋಗವನ್ನು ಪರೀಕ್ಷಿಸಿ 1910ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಮೈಲುತುತ್ತನ್ನೂ ಸುಣ್ಣವನ್ನೂ ಕಲಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಪದ್ಧತಿಯು ಅಂದಿನಿಂದ ನಮ್ಮ ತೋಟಗಳಲ್ಲಿ ಬೇರೂರಿತು. ಮೇಲಿನ ರೋಗಕ್ಕೆ ಮೇಲಿನಿಂದ ಮದ್ದು ಹೊಡೆಯಬಹುದು. ಮರ ಹತ್ತುವವನ ಸಾಹಸವನ್ನು ಊರೆಲ್ಲಾ ನೋಡಿ ಹೊಗಳುವದು. ಬೇರಿನ ಕೇಡಿಗಾದರೋ ಮೊಣಕಾಲೂರಿ ಕೂತುಕೊಳ್ಳಬೇಕು. ಅದನ್ನು ನೋಡುವವರಿಲ್ಲ, ಹೊಗಳುವವರೂ ಇಲ್ಲ. ನಮ್ಮ ಸಭೆಗಳಲ್ಲಿ ಮರ ಹತ್ತುವ ಜಾತಿಯ ಸೇವೆಗೆ ಜನ ಬೇಗನೆ ಸಿಕ್ಕುತ್ತಾರೆಂಬದನ್ನು ಇಲ್ಲಿ ನಡುವೆ ಹೇಳಿಬಿಡುತ್ತೇನೆ.

ಇನ್ನೊಂದು ಸಂಗತಿಯನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಹಳದಿಬಣ್ಣವು ಬೇರುಹುಳಕ್ಕೆ ಮಾತ್ರ ಸಾಕ್ಷಿಯಲ್ಲ. ಹಳದಿ ಎಲೆ ರೋಗವೆಂಬ ಬೇರೊಂದು ಕೇಡು ಉಂಟು. ಅದು 1914ರಲ್ಲಿಯೇ ಈಗಿನ ಕೇರಳದ ಸೀಮೆಯಲ್ಲಿ ಕಂಡುಬಂದದ್ದು. ನಮ್ಮ ಕಡೆಯಲ್ಲಿ ಶೃಂಗೇರಿ, ಕೊಪ್ಪ, ಸುಳ್ಯ ತಾಲೂಕುಗಳ ತೋಟಗಳನ್ನು ಹೆಚ್ಚಾಗಿ ಹಾಳುಮಾಡಿದೆ. ಬರೇ ಕಣ್ಣಿಗೆ ಕಾಣದ ಫೈಟೋಪ್ಲಾಸ್ಮ ಎಂಬ ಅತಿಸೂಕ್ಷ್ಮ ಜೀವಿಯಿಂದ ಅದು ಹುಟ್ಟಿ, ರಸಹೀರುವ ಒಂದು ಸಣ್ಣ ಜಿಗಿಹುಳದ ಮೂಲಕ ಮರದಿಂದ ಮರಕ್ಕೆ ದಾಟುತ್ತದೆ. ಅದನ್ನು ಪೂರ್ಣವಾಗಿ ಗುಣಪಡಿಸುವ ಮದ್ದಿಲ್ಲ. ಒಳ್ಳೆಯ ಆರೈಕೆಯಿಂದ ಮರದ ಬಲವನ್ನು ಕೆಲವು ಕಾಲ ಹಿಡಿದಿಡಬಹುದು, ಅಷ್ಟೇ. ಇದಲ್ಲದೆ ಬಸಿಗಾಲುವೆ ಮುಚ್ಚಿಹೋಗಿ ಬುಡದಲ್ಲಿ ನೀರು ನಿಂತರೂ ಸೋಗೆಯು ಹಳದಿಯಾಗುವದು. ಹೀಗೆ ಒಂದೇ ಬಣ್ಣ, ಕಾರಣಗಳು ಮೂರು. ಒಂದಕ್ಕೆ ಹುಳ ತೆಗೆಯಬೇಕು, ಮತ್ತೊಂದಕ್ಕೆ ನೀರು ಬಿಡಿಸಬೇಕು, ಇನ್ನೊಂದಕ್ಕೆ ಸಹಿಸಿಕೊಳ್ಳಬೇಕು. ಮೇಲಿನ ಬಣ್ಣವನ್ನು ನೋಡಿ ಇದು ಇಂಥದೇ ಎಂದು ಆಣೆಯಿಟ್ಟು ಹೇಳುವವನು ಜಾಣನಲ್ಲ. ಅಗೆದಾಗ ಕಡಿದ ಬೇರೂ ಕಡಿದ ಹುಳವೂ ಎರಡೂ ಸಿಕ್ಕಿದರೆ ಮಾತ್ರ ಸಂಶಯ ತೀರಿತು.

ಹಾಗಾದರೆ ಅಗೆಯುವದು ಹೇಗೆ? ಇದರಲ್ಲಿಯೂ ವಿವೇಕ ಬೇಕು. ಮೊದಲ ಮಳೆಯ ನಂತರದ ಎರಡು ಮೂರು ವಾರ ಸಂಜೆಯ ಹೊತ್ತು ಮನೆಯವರೆಲ್ಲರೂ ತೋಟಕ್ಕೆ ಹೋಗಿ, ಎದ್ದ ದುಂಬಿಗಳನ್ನು ಹಿಡಿದು ಸೀಮೆಎಣ್ಣೆ ಅಥವಾ ಸಾಬೂನು ಬೆರಸಿದ ನೀರಿನಲ್ಲಿ ಹಾಕಬೇಕು. ಮಕ್ಕಳು ಇದನ್ನು ಆಟದಂತೆ ಮಾಡುವರು. ಮೊಟ್ಟೆಯಿಡುವ ಮೊದಲು ಹಿಡಿದ ಒಂದು ಹೆಣ್ಣುದುಂಬಿಯು ಮುಂದೆ ಹಿಡಿಯಬೇಕಾದ ಹತ್ತಾರು ಹುಳಗಳಿಗೆ ಸಮ. ಮಳೆ ಕಡಿಮೆಯಾದ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಬುಡದ ಸುತ್ತ ಒಂದು ಗೇಣಿನಷ್ಟು ಮಾತ್ರ ಮಣ್ಣನ್ನು ಸಡಿಲಿಸಿ ಹುಳಗಳನ್ನು ಆರಿಸಬೇಕು. ಆಗ ಕಾಗೆಗಳೂ ಮೈನಾಗಳೂ ಕೆಂಬೂತಗಳೂ ಕರೆಯದೆ ಬಂದು ಕೂಲಿಯಿಲ್ಲದೆ ಸಹಾಯಮಾಡುವವು. ಪಿಕ್ಕಾಸನ್ನು ಎತ್ತಿ ಬಲವಾಗಿ ಹೊಡೆದು ಅಗೆದರೆ ಹುಳವು ಉಳಿಸಿದ ಬೇರನ್ನು ನಾವೇ ಕಡಿದುಹಾಕಿದ ಹಾಗಾಗುವದು. ಹುಳದಿಂದ ಸತ್ತ ಮರಗಳಿಗಿಂತ ಹುಳ ಹುಡುಕುವವನ ಕೋಪದಿಂದ ಸತ್ತ ಮರಗಳು ಕೆಲವು ತೋಟಗಳಲ್ಲಿ ಹೆಚ್ಚೆಂದು ಹಳೆಯ ಕೆಲಸಗಾರರು ನಗೆಯಾಡುವದುಂಟು.

ಹುಳ ತೆಗೆದ ಮೇಲೆ ಕೆಲಸ ಮುಗಿಯಲಿಲ್ಲ. ಬಸಿಗಾಲುವೆಗಳನ್ನು ಬಿಡಿಸಬೇಕು. ಮರವೊಂದಕ್ಕೆ ಸುಮಾರು 2 ಕಿಲೋ ಬೇವಿನ ಹಿಂಡಿಯನ್ನು ಹಾಕಬೇಕು. ಹಟ್ಟಿಗೊಬ್ಬರವು ಚೆನ್ನಾಗಿ ಕಳಿತದ್ದಾಗಿರಬೇಕು. ಹಸಿಯ ಸೆಗಣಿಯನ್ನು ರಾಶಿಹಾಕುವದು ಹುಳದ ಮರಿಗಳಿಗೆ ತೊಟ್ಟಿಲು ಕಟ್ಟುವದಕ್ಕೆ ಸಮ. ಕಡೆಗೆ ಹೊಸ ಮಣ್ಣನ್ನು ಬುಡಕ್ಕೆ ಏರಿಸಿ ಸೊಪ್ಪು ಹೊದಿಸಬೇಕು. ಯಾಕಂದರೆ ಅಡಿಕೆಮರಕ್ಕೆ ಹೊಸ ಸುಳಿ ಹುಟ್ಟದಿದ್ದರೂ ಹೊಸ ಬೇರು ಹುಟ್ಟುವ ಶಕ್ತಿಯನ್ನು ದೇವರು ಇಟ್ಟಿದ್ದಾನೆ. ಬುಡದಿಂದ ಹೊಸ ಬೇರುಗಳು ಹೊರಟು, ಏರಿಸಿದ ಮಣ್ಣನ್ನು ಹಿಡಿದುಕೊಳ್ಳುವವು. ಆದರೆ ಹಳದಿಯಾದ ಸೋಗೆಯು ಮತ್ತೆ ಹಸುರಾಗುವದಿಲ್ಲ. ಅದು ಹಾಗೆಯೇ ಒಣಗಿ ಬೀಳುವದು. ಇದನ್ನು ತಿಳಿಯದವರು ಆರು ತಿಂಗಳಾದ ಮೇಲೆ ಬಂದು ಹಳೆಯ ಸೋಗೆಯನ್ನೇ ನೋಡಿ, ಇಷ್ಟು ದುಡಿದರೂ ಏನೂ ಆಗಲಿಲ್ಲವೆಂದು ಕತ್ತಿಯನ್ನು ಎತ್ತುತ್ತಾರೆ. ನೋಡಬೇಕಾದದ್ದು ಹೊಸದಾಗಿ ಬಿಚ್ಚುವ ಸುಳಿಯ ಬಣ್ಣವನ್ನು. ಮರವು ಮೊದಲಿನಂತೆ ಗೊನೆ ಹಿಡಿಯುವದಕ್ಕೆ ಎರಡು ಮೂರು ವರುಷಗಳೇ ಬೇಕಾಗಬಹುದು.

ಮಣ್ಣಿಗೆ ವಿಷ ಸುರಿದು ಸುಲಭವಾಗಿ ಮುಗಿಸಬಾರದೋ ಎಂದು ಕೇಳುವವರಿದ್ದಾರೆ. ಸುರಿದು ನೋಡಿಯಾಯಿತು. ಆಲ್ಡ್ರಿನ್, ಬಿಎಚ್‌ಸಿ ಎಂಬ ಪುಡಿಗಳನ್ನು ನಮ್ಮ ಹಿಂದಿನವರು ಬರಿಗೈಯಿಂದ ಎರಚಿದರು. ಅವುಗಳ ಕೇಡು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಹಾಲಿನಲ್ಲಿಯೂ ವರುಷಗಟ್ಟಲೆ ಉಳಿಯುವದೆಂದು ತಿಳಿದ ಮೇಲೆ ಸರಕಾರವು ಆಲ್ಡ್ರಿನನ್ನು 1996ರಲ್ಲಿ, ಬಿಎಚ್‌ಸಿಯನ್ನು 1997ರಲ್ಲಿ ನಿಲ್ಲಿಸಿತು. ಅವುಗಳ ಸ್ಥಳದಲ್ಲಿ ಬಂದ ಫೋರೇಟ್ ಎಂಬ ಹರಳೂ 2020ರ ಕೊನೆಗೆ ನಿಷೇಧವಾಯಿತು. ಕೃಷಿ ಇಲಾಖೆಯವರು ಅಳತೆ ಹೇಳಿ ಒಪ್ಪುವ ಮದ್ದುಗಳೆಲ್ಲವೂ ಪಾಪವೆಂದು ನಾನು ಹೇಳುವದಿಲ್ಲ. ಜ್ವರಕ್ಕೆ ಗುಳಿಗೆ ನುಂಗುವ ನಾವು ಹಾಗೆ ಹೇಳಲಾರೆವು. ಆದರೆ ಬುಡವನ್ನು ನೋಡದೆ ಚೀಲವನ್ನು ಬಿಚ್ಚಿ ಸುರಿಯುವವನು ಹುಳವಿದ್ದ ಮರಕ್ಕೂ ಇಲ್ಲದ ಮರಕ್ಕೂ ಒಂದೇ ಶಿಕ್ಷೆ ವಿಧಿಸುತ್ತಾನೆ. ಎರೆಹುಳಗಳನ್ನೂ ತೋಡಿನ ಮೀನುಗಳನ್ನೂ ಅದೇ ಶಿಕ್ಷೆಗೆ ಸೇರಿಸುತ್ತಾನೆ. ಅದು ಇಳಿಜಾರಿನಲ್ಲಿ ಇಳಿದು ಕೆಳಗಿನವರ ಬಾವಿಗೆ ಸೇರಿದರೆ ತನಗೇನೆಂದು ಕೇಳುತ್ತಾನೆ. ಅಗೆಯುವ ಶ್ರಮವನ್ನು ತಪ್ಪಿಸಿಕೊಳ್ಳುವದಕ್ಕಾಗಿ ಬೇರೆಯವರು ತೆರುವ ಬೆಲೆಯಿದು. ಈಚೆಗೆ ವಿಷವಲ್ಲದ ಉಪಾಯಗಳೂ ದೊರೆತಿವೆ. ರಷ್ಯಾ ದೇಶದ ಮೆಚ್ನಿಕಾಫ್ ಎಂಬ ಪಂಡಿತನು 1879ರಲ್ಲಿ ಗೋಧಿಯ ಪೈರನ್ನು ಕೆಡಿಸುವ ದುಂಬಿಯ ಮರಿಗಳ ಮೇಲೆ ಕಂಡ ಮೆಟಾರೈಜಿಯಂ ಎಂಬ ಹಸುರು ಬೂಷ್ಟನ್ನು ಈಗ ಗೊಬ್ಬರದಲ್ಲಿ ಕಲಸಿ ಹಾಕುತ್ತಾರೆ. ಹುಳದ ಮೈಯೊಳಗೆ ಹೊಕ್ಕು ಕೊಲ್ಲುವ ಸೂಕ್ಷ್ಮ ಜಂತುಗಳನ್ನು ನೀರಿನಲ್ಲಿ ಬೆರಸಿ ಬುಡಕ್ಕೆ ಹೊಯ್ಯುವ ಕ್ರಮವನ್ನು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾಲಯದವರು ಪರೀಕ್ಷಿಸಿ ತೋರಿಸಿದ್ದಾರೆ. ಇವುಗಳಿಗೂ ಮಣ್ಣು ತೇವವಾಗಿರಬೇಕು, ಹುಳವಿರುವ ಸ್ಥಳ ಗೊತ್ತಿರಬೇಕು. ಅಂದರೆ ಅಗೆಯುವದು ತಪ್ಪುವದಿಲ್ಲ.

ವೇದಪಾಠದ ತರಗತಿಯಲ್ಲಿ ಒಬ್ಬ ಹುಡುಗನು ಒಮ್ಮೆ, ಹುಳವನ್ನು ಉಂಟುಮಾಡಿದವನೂ ದೇವರೇ ಅಲ್ಲವೋ ಅಯ್ಯನವರೇ, ಯೋನನ ಸೋರೆಗಿಡಕ್ಕೆ ಹುಳವನ್ನು ಕಳುಹಿಸಿದವನೂ ದೇವರೇ ಅಲ್ಲವೋ, ಹಾಗಾದರೆ ಕೊಲ್ಲುವದು ಪಾಪವಲ್ಲವೋ ಎಂದು ಕೇಳಿದನು. ಪ್ರಶ್ನೆಯು ಹುಡುಗನದಾದರೂ ಹುಡುಗಾಟದ್ದಲ್ಲ. ಕಾಡಿನ ನೆಲದಲ್ಲಿ ಇಂಥ ಮರಿಗಳು ಉದುರಿದ ಎಲೆಗಳನ್ನು ತಿಂದು ಮಣ್ಣು ಮಾಡುವ ಕೆಲಸದಲ್ಲಿವೆ. ಅಲ್ಲಿ ಅವುಗಳಿಗೆ ಶತ್ರುವೆಂಬ ಹೆಸರಿಲ್ಲ. ಒಂದೇ ಜಾತಿಯ ಮರವನ್ನು ಸಾಲುಸಾಲಾಗಿ ನೆಟ್ಟು ಊಟವನ್ನು ಬಡಿಸಿದವರು ನಾವು. ಆದದರಿಂದ ಹುಳವನ್ನು ದ್ವೇಷಿಸುವದಕ್ಕೆ ನಮಗೆ ಅಪ್ಪಣೆಯಿಲ್ಲ, ಭೂಮಿಯಿಂದಲೇ ಅಳಿಸಿಬಿಡುವೆವೆಂದು ಕೊಚ್ಚಿಕೊಳ್ಳುವದಕ್ಕೂ ಇಲ್ಲ. ಆದರೆ ದೇವರು ಮನುಷ್ಯನನ್ನು ಏದೆನಿನ ತೋಟದಲ್ಲಿ ಇಟ್ಟದ್ದು ಕೆಲಸಮಾಡುವದಕ್ಕೂ ಕಾಯುವದಕ್ಕೂ ಎಂದು ಆದಿಕಾಂಡವು ಹೇಳುತ್ತದೆ. ಕಾಯುವವನು ಯಾವದರಿಂದ ಯಾವದನ್ನು ಕಾಯಬೇಕೆಂದು ಆರಿಸಲೇಬೇಕು. ಆರಿಸದೆ ಸುಮ್ಮನಿರುವದೂ ಒಂದು ಆರಿಸುವಿಕೆಯೇ, ಅದರಲ್ಲಿ ಸಾಯುವದು ಮರ. ಯೋನನಾದರೋ ಆ ಗಿಡಕ್ಕಾಗಿ ಒಂದು ದಿನವೂ ದುಡಿದವನಲ್ಲ. ಆದರೂ ನೆರಳು ಹೋದದ್ದಕ್ಕೆ ಸಿಟ್ಟುಗೊಂಡನು. ದುಡಿಯದೆ ಸಿಟ್ಟುಗೊಳ್ಳುವ ಆ ಸ್ವಭಾವವೇ ದೇವರ ಗದರಿಕೆಗೆ ಪಾತ್ರವಾಯಿತೆಂದು ನಾನು ಆ ಹುಡುಗನಿಗೆ ಹೇಳಿದೆನು. ಅವನು ಪೂರ್ಣವಾಗಿ ಒಪ್ಪಿದಂತೆ ಕಾಣಲಿಲ್ಲ.

ಬೇಲಿಯ ವಿಷಯವು ಇದಕ್ಕಿಂತ ಕಠಿಣ. ದುಂಬಿಗಳಿಗೆ ಪಹಣಿಪತ್ರ ಓದಲು ಬರುವದಿಲ್ಲ. ನಾನು ನನ್ನ ತೋಟವನ್ನು ಎಷ್ಟು ಶುದ್ಧಮಾಡಿದರೂ ಪಕ್ಕದ ತೋಟದಲ್ಲಿ ಹುಳ ತುಂಬಿದ್ದರೆ ಬರುವ ಮುಂಗಾರಿನಲ್ಲಿ ಅಲ್ಲಿಂದ ಎದ್ದದ್ದು ಇಲ್ಲಿ ಇಳಿಯುವದು. ಈಗ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಿಗೂ ಮುಂಬಯಿಗೂ ಹೋಗಿದ್ದಾರೆ. ತೋಟದಲ್ಲಿ ಉಳಿದಿರುವದು ಬೆನ್ನು ಬಾಗದ ಮುದುಕರು, ಇಲ್ಲವೆ ಕೂಲಿ ಕೊಡಲಾರದ ವಿಧವೆ. ಆ ತೋಟದ ಬುಡಗಳನ್ನು ಅಗೆಯುವದು ನನ್ನ ಕರ್ತವ್ಯವೋ? ನನ್ನದಲ್ಲದ ಮರಕ್ಕೆ ನಾನು ಯಾಕೆ ಬೆವರಬೇಕು? ಸಾಮ್ಯದ ತೋಟಗಾರನೂ ತನ್ನದಲ್ಲದ ಮರಕ್ಕೇ ಬೆವರುವದಾಗಿ ಹೇಳಿದನೆಂದು ಮೊದಲೇ ಕಂಡೆವು. ಇದಕ್ಕೆ ಕೆಲವರು, ಪಕ್ಕದವರ ಹುಳ ತೆಗೆಯುವದರಲ್ಲಿ ನನ್ನ ಸ್ವಂತ ಲಾಭವೂ ಇದೆಯಲ್ಲಾ, ಆಗ ಅದು ಪ್ರೀತಿಯ ಕೆಲಸವೆನಿಸುವದು ಹೇಗೆ, ಎಂದು ಸೂಕ್ಷ್ಮವಾದ ತರ್ಕವನ್ನು ತೆಗೆಯುತ್ತಾರೆ. ನನಗೆ ಈ ತರ್ಕದಲ್ಲಿ ಹೆಚ್ಚು ರುಚಿಯಿಲ್ಲ. ನೆರೆಯವನ ಕ್ಷೇಮವನ್ನೂ ನನ್ನ ಕ್ಷೇಮವನ್ನೂ ದೇವರು ನೆಲದ ಕೆಳಗೆ ಒಂದಕ್ಕೊಂದು ಹೆಣೆದಿಟ್ಟಿದ್ದರೆ ಆ ಹೆಣಿಗೆಗಾಗಿ ನಾಚಿಕೊಳ್ಳಬೇಕಾದದ್ದಿಲ್ಲ. ಆ ವಿಧವೆಯು ನಮ್ಮ ಸಭೆಯವಳೋ ಅಲ್ಲವೋ ಎಂದು ಕೇಳುವದು ಮಾತ್ರ ನಾಚಿಕೆಯ ಮಾತು.

ಈಗ ತೋಟದಿಂದ ಸಭೆಗೆ ಬರೋಣ. ಒಂದು ಸಭೆಯಲ್ಲಿ ನಡೆದದ್ದನ್ನು ಬರೆಯುತ್ತೇನೆ. ಊರನ್ನೂ ಹೆಸರುಗಳನ್ನೂ ಹೇಳುವದಿಲ್ಲ. ಮೂವತ್ತು ಅಡಿಕೆಮರಗಳನ್ನೂ ಒಂದು ಹಸುವನ್ನೂ ಉಳ್ಳ ಒಬ್ಬ ಮನುಷ್ಯನು, ಮೊದಲು ಭಾನುವಾರಗಳಲ್ಲಿ ಗಂಟೆ ಹೊಡೆಯುವ ಮುಂಚೆ ಬರುತ್ತಿದ್ದವನು, ಕ್ರಮೇಣ ಬರುವದನ್ನು ಬಿಟ್ಟನು. ಕರ್ತನ ರಾತ್ರಿಭೋಜನಕ್ಕೂ ಬಾರದೆ ಹೋದನು. ಸಭೆಯ ಕಾಣಿಕೆ ಬಾಕಿಯಾಯಿತು. ಕುಡಿಯುತ್ತಾನೆಂಬ ಸುದ್ದಿ ಹುಟ್ಟಿತು. ಆ ಸುದ್ದಿ ಸುಳ್ಳಾಗಿರಲಿಲ್ಲ. ಹಿರಿಯರ ಕೂಟದಲ್ಲಿ ಅವನ ಹೆಸರನ್ನು ಪಟ್ಟಿಯಿಂದ ತೆಗೆಯಬೇಕೆಂಬ ಮಾತು ಬಂತು. ನಿಯಮದ ಪ್ರಕಾರ ಅದು ತಪ್ಪಲ್ಲ. ಕೊಂಬೆಗಳನ್ನು ನೋಡಿದರೆ ಅಲ್ಲಿ ಫಲವಿರಲಿಲ್ಲ, ಎಲೆಯೂ ಹಳದಿಯಾಗಿತ್ತು.

ಆ ಸಭೆಯಲ್ಲಿ ಓದುಬರಹ ಹೆಚ್ಚು ತಿಳಿಯದ ಒಬ್ಬ ವೃದ್ಧೆಯಿದ್ದಳು. ಅದು ಅಡಿಕೆ ಸುಲಿಯುವ ಕಾಲ. ಅವಳು ಸಂಜೆಯಲ್ಲಿ ಆ ಮನೆಗೆ ಹೋಗಿ, ಒಂದು ಮಾತನ್ನೂ ಕೇಳದೆ, ಆ ಮನುಷ್ಯನ ಹೆಂಡತಿಯ ಪಕ್ಕದಲ್ಲಿ ಕೂತು ಅಡಿಕೆ ಸುಲಿದು ಬಂದಳು. ಎರಡನೆಯ ಸಂಜೆಯೂ ಹಾಗೆಯೇ. ಮೂರನೆಯ ಸಂಜೆ ಆ ಹೆಂಗಸು ತಾನಾಗಿಯೇ ಬಾಯಿತೆರೆದಳು: “ದೊಡ್ಡಮ್ಮಾ, ನಾವು ಬಾರದೆ ಇರುವದು ದೇವರನ್ನು ಬಿಟ್ಟದ್ದಕ್ಕಲ್ಲ. ಮುಂದಿನ ಬೆಂಚಿಗೆ ಹೆದರಿ ಬಾರದೆ ಇರುವದು.” ಸಂಗತಿ ಏನಂದರೆ, ಮಗಳ ಆಸ್ಪತ್ರೆಯ ಖರ್ಚಿಗಾಗಿ ಅವರು 40,000 ರೂಪಾಯಿ ಸಾಲ ತೆಗೆದಿದ್ದರು. ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿ. ಎರಡು ವರುಷಗಳಲ್ಲಿ 48,000 ರೂಪಾಯಿ ಬಡ್ಡಿಯನ್ನು ಕಟ್ಟಿದ್ದರು. ಅಸಲು ಕಾಸೂ ಕಡಿಮೆಯಾಗಿರಲಿಲ್ಲ. ಸಾಲ ಕೊಟ್ಟವನು ಮುಂದಿನ ಬೆಂಚಿನಲ್ಲಿ ಕೂತುಕೊಳ್ಳುವವನು, ಹಿರಿಯರ ಕೂಟದಲ್ಲಿ ಒಬ್ಬನು. ಹೆಸರನ್ನು ತೆಗೆಯಬೇಕೆಂದು ಮೊದಲು ಹೇಳಿದವನೂ ಅವನೇ.

ಇದನ್ನು ಕೇಳಿದ ಕೂಡಲೆ ಕೆಲವರು, ಹಾಗಾದರೆ ಅವನೇ ಹುಳ, ಅವನನ್ನೇ ಕಿತ್ತುಹಾಕಿರಿ ಎಂದು ಎದ್ದುನಿಂತರು. ಇಲ್ಲಿ ನಮ್ಮ ಹೋಲಿಕೆಯು ತಪ್ಪುದಾರಿ ಹಿಡಿಯದಂತೆ ಜಾಗ್ರತೆಯಾಗಿರಬೇಕು. ಯಾವ ಮನುಷ್ಯನೂ ಹುಳವಲ್ಲ. ಬಡ್ಡಿಯು ಹುಳ, ಭಯವು ಹುಳ, ನಾಚಿಕೆಯಿಂದ ಹುಟ್ಟಿದ ಕುಡಿತವು ಹುಳ. ಸಾಲ ಕೊಟ್ಟವನೂ ಒಂದು ಮರವೇ. ಹೊರಗೆ ಸೋಗೆ ಹಸುರಾಗಿದ್ದ ಕಾರಣ ಅವನ ಬುಡವನ್ನು ನೋಡಬೇಕೆಂದು ಯಾರಿಗೂ ತೋಚಲಿಲ್ಲ, ಅಷ್ಟೇ. ಬೇರುಹುಳ ಹತ್ತಿದ ಮರವೂ ಮೊದಲ ತಿಂಗಳುಗಳಲ್ಲಿ ಹಸುರಾಗಿಯೇ ಕಾಣುವದಲ್ಲವೋ? ಸಭಾಪಾಲಕರು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಕ್ರಮದಂತೆ ಒಬ್ಬರೇ ಅವನ ಮನೆಗೆ ಹೋದರು. ಅಲ್ಲಿ ಏನು ಮಾತಾಯಿತೋ ಅವರಿಬ್ಬರಿಗೆ ಗೊತ್ತು. ಮುಂದಿನ ಬಡ್ಡಿಯನ್ನು ಬಿಟ್ಟುಕೊಡುವದಾಗಿಯೂ ಅಸಲನ್ನು ಪ್ರತಿ ಕೊಯ್ಲಿನಲ್ಲಿ ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಳ್ಳುವದಾಗಿಯೂ ಅವನು ಒಪ್ಪಿದನು. ಕಟ್ಟಿದ ಬಡ್ಡಿಯನ್ನು ಹಿಂದಕ್ಕೆ ಕೊಡಲಿಲ್ಲ. ಜಕ್ಕಾಯನಷ್ಟು ದೂರ ಅವನು ಹೋಗಲಿಲ್ಲವೆಂದು ಹೇಳದೆ ಉಪಾಯವಿಲ್ಲ.

ಆ ವೃದ್ಧೆಯು ಅಗೆದ ರೀತಿಯನ್ನು ನಮ್ಮ ಹಿರಿಯರೂ ಉಪದೇಶಿಗಳೂ ಗಮನಿಸತಕ್ಕದ್ದು. ಅವಳು ಪಿಕ್ಕಾಸನ್ನು ಎತ್ತಲಿಲ್ಲ. ಬೇರೆಯವರ ದುಃಖವನ್ನು ವಿಚಾರಿಸುತ್ತೇವೆಂದು ಹೊರಟು, ಬಾಗಲಲ್ಲಿಯೇ ನಿಂತು, ನೆರೆಮನೆಯವರು ಕೇಳುವಂತೆ, ಏನಯ್ಯಾ ಕುಡಿಯುತ್ತೀಯಂತೆ, ಸಾಲವಂತೆ, ಎಂದು ಪ್ರಶ್ನಿಸುವ ಭೇಟಿಗಳು ನಮ್ಮಲ್ಲಿ ಕಡಿಮೆಯಲ್ಲ. ಇಂಥ ಅಗೆತದಿಂದ ಇದ್ದ ಎಳೆಬೇರೂ ತುಂಡಾಗುವದು. ಮನುಷ್ಯನ ಬುಡದಲ್ಲಿ ಕೈಯಿಡುವದಕ್ಕೆ ಅವನು ಕೊಡುವ ಸಮಯವೊಂದುಂಟು. ಅದು ಬರುವ ತನಕ ಪಕ್ಕದಲ್ಲಿ ಕೂತು ಅಡಿಕೆ ಸುಲಿಯುವಷ್ಟು ತಾಳ್ಮೆ ಇಲ್ಲದವನು ಅಗೆಯುವದಕ್ಕೆ ಹೋಗದಿರುವದೇ ಒಳ್ಳೆಯದು.

ಆದರೆ ತಾಳ್ಮೆಗೆ ಮೇರೆಯಿಲ್ಲವೋ? ಈ ಪ್ರಶ್ನೆಯನ್ನು ಕೇಳುವವರು ಕಠಿಣಹೃದಯರೆಂದು ತಳ್ಳಿಬಿಡಲಾಗದು. ಫಲ ಕೊಡದ ಮರವು ಸ್ಥಳವನ್ನೂ ಗೊಬ್ಬರವನ್ನೂ ಹಿಡಿದುಕೊಂಡಿರುತ್ತದೆ. ಹಳದಿ ಎಲೆ ರೋಗದಿಂದ ಪೂರ್ಣವಾಗಿ ಸೊರಗಿದ ಮರವನ್ನು ತೆಗೆದು ಹೊಸ ಸಸಿಯನ್ನು ನೆಡುವ ತೋಟದವನನ್ನು ನಾನು ತಪ್ಪಿತಸ್ಥನೆನ್ನುವದಿಲ್ಲ. ಸಾಮ್ಯದ ತೋಟಗಾರನೂ ಎಂದೆಂದಿಗೂ ಬಿಡಬೇಕೆಂದು ಕೇಳಲಿಲ್ಲ, ಒಂದು ವರುಷವೆಂದನು. ಆದರೆ ಅವನ ಕಡೆಯ ಮಾತನ್ನು ಮೂಲದಲ್ಲಿ ಓದಿದವರು ಒಂದನ್ನು ಗಮನಿಸಿದ್ದಾರೆ. ಅಗೆಯುವದನ್ನು ಹೇಳುವಾಗ ಅವನು “ನಾನು” ಎನ್ನುತ್ತಾನೆ. ಕಡಿಯುವದನ್ನು ಹೇಳುವಾಗ “ನೀನು” ಎಂದು ಧಣಿಗೆ ಬಿಡುತ್ತಾನೆ. ಅಗೆಯುವದು ಕೆಲಸದವನ ಪಾಲಿಗೆ ಬಂತು, ಕಡಿಯುವದು ಒಡೆಯನ ಪಾಲಿಗೆ ಉಳಿಯಿತು. ನಮ್ಮ ಹಿರಿಯರ ಕೂಟಗಳಲ್ಲಿ ಈ ಪಾಲು ಎಷ್ಟೋ ಸಾರಿ ತಲೆಕೆಳಗಾಗುತ್ತದೆ: ಅಗೆಯುವದನ್ನು ದೇವರಿಗೆ ಬಿಟ್ಟು ಕತ್ತಿಯನ್ನು ನಾವು ಹಿಡಿದುಕೊಳ್ಳುತ್ತೇವೆ. ಆ ವರುಷ ಕಳೆದ ಮೇಲೆ ಅಂಜೂರದ ಮರಕ್ಕೆ ಏನಾಯಿತೆಂದು ಕರ್ತನು ಹೇಳಲಿಲ್ಲ.

ನಾನು ಹೇಳಿದ ಆ ಮನುಷ್ಯನ ಹೆಸರು ಪಟ್ಟಿಯಲ್ಲಿ ಉಳಿದಿದೆ. ಅವನ ಹೆಂಡತಿಯೂ ಮಗಳೂ ಪ್ರತಿ ಭಾನುವಾರ ಬರುತ್ತಾರೆ. ಅವನು ತಿಂಗಳಿಗೆ ಒಂದೆರಡು ಸಾರಿ ಬಂದು ಹಿಂದಿನ ಬೆಂಚಿನಲ್ಲಿ, ಬಾಗಲಿಗೆ ಹತ್ತಿರ ಕೂತುಕೊಳ್ಳುತ್ತಾನೆ. ಆಶೀರ್ವಾದಕ್ಕೆ ಮೊದಲೇ ಎದ್ದು ಹೋಗುತ್ತಾನೆ. ಕುಡಿತವು ಪೂರ್ಣವಾಗಿ ಬಿಟ್ಟಿಲ್ಲ.